ಕೈಲ್ ಪೊಳ್ದ್ ದಿನ ಕಾರ್ಯಪ್ಪನವರ ಮನೆಯ ಶಿಸ್ತು: ಗಂಟೆ, ಕೋವಿ, ಅಡುಗೆ, ಪಂಕ್ತಿ

ಕೈಲ್ ಪೊಳ್ದ್ ಕೊಡಗಿನ ಆಯುಧದ ಹಬ್ಬ. ನಾಟಿ ಮುಗಿದು, ಗದ್ದೆಯಿಂದ ಕೈ ತೊಳೆದುಕೊಂಡು, ಮಳೆಗಾಲವಿಡೀ ಕನ್ನಿಕೊಂಬರೆಯಲ್ಲಿ (ಪೂಜೆಯ ಕೋಣೆ) ಇದ್ದ ಕೋವಿ ಕತ್ತಿಗಳನ್ನು ಹೊರಗೆ ತೆಗೆಯುವ ದಿನ. ಸಾಮಾನ್ಯವಾಗಿ ಸೆಪ್ಟೆಂಬರ್ 3ಕ್ಕೆ ಬರುತ್ತದೆ. ಕೆಲವು ನಾಡುಗಳಲ್ಲಿ ಒಂದೆರಡು ದಿನ ಹಿಂದುಮುಂದಾಗುವುದೂ ಉಂಟು. ಕೊಡವರಂತೆ ಅರೆಭಾಷೆ ಗೌಡರ ಮನೆಗಳಲ್ಲೂ ಇದೇ ಕೈಲ್ ಮುಹೂರ್ತ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರ ಮನೆಯ ನಡವಳಿಕೆಯನ್ನು ಹಬ್ಬಕ್ಕೆ ತರಬೇಕೆನ್ನುವವರಿಗೆ ಇದಕ್ಕಿಂತ ಒಪ್ಪುವ ದಿನ ಇನ್ನೊಂದಿಲ್ಲ. ಜನವರಿ 28ರ ಜಯಂತಿಗೆ ಹೇಗೂ ಮಾಲೆ, ಭಾಷಣ ಆಗೇ ಆಗುತ್ತವೆ. ಮನೆಯೊಳಗಿನ ಪದ್ಧತಿಗೆ ಅಡುಗೆಮನೆಯೂ ಪಂಕ್ತಿಯೂ ಇರುವ ಹಬ್ಬವೇ ಬೇಕು.

ಒಂದು ಮಾತು ಮೊದಲೇ. ಕಾರ್ಯಪ್ಪನವರ ಮನೆಯಲ್ಲಿ ಕೈಲ್ ಪೊಳ್ದ್ ಹೀಗೇ ನಡೆಯುತ್ತಿತ್ತು ಎಂದು ಯಾರಿಗೂ ಹೇಳಬೇಡಿ. ಇಲ್ಲಿರುವುದು ಅವರ ಬದುಕಿನ ಎಲ್ಲರಿಗೂ ಗೊತ್ತಿರುವ ಮೂರು ಗುಣಗಳನ್ನು ನಮ್ಮ ಹಬ್ಬದ ಕೆಲಸಗಳಿಗೆ ಹೊಂದಿಸುವ ಕ್ರಮ. ಒಂದು, ಹೇಳಿದ ಗಂಟೆಗೆ ಹೇಳಿದ ಕೆಲಸ. ಎರಡು, ಊಟಕ್ಕೆ ಕೂರುವಾಗ ನೆಟ್ಟಗಿನ ಉಡುಪು. ಮೂರು, ತನ್ನ ಮಗನಿಗೂ ಪರರ ಮಗನಿಗೂ ಒಂದೇ ಅಳತೆ. ಮೂರನೆಯದು ಎಲ್ಲಕ್ಕಿಂತ ಕಷ್ಟ, ಹಬ್ಬದ ತೂಕವೆಲ್ಲ ಅದರ ಮೇಲೆ ಬೀಳುತ್ತದೆ.

ಮೂರು ವಾರ ಮೊದಲು: ದೂರದವರ ಪಾರ್ಸೆಲ್

ಕೊಡಗಿನಲ್ಲಿ ಸೇನೆಯಲ್ಲಿರುವವರ ನಂಟು ಇಲ್ಲದ ಊರು ಸಿಗುವುದು ಕಷ್ಟ. ಒಕ್ಕದಲ್ಲಿ, ಎಂದರೆ ಮನೆತನದಲ್ಲಿ, ಇಲ್ಲದಿದ್ದರೆ ಪಕ್ಕದ ಲೈನ್‌ಮನೆಯಲ್ಲೋ ಬಸ್ ಡ್ರೈವರ್ ಮನೆಯಲ್ಲೋ ಇರುತ್ತಾರೆ. ಅವರಲ್ಲಿ ಒಬ್ಬರಿಗೆ, ನೆಂಟನಲ್ಲದ ಒಬ್ಬರಿಗೆ, ಆಗಸ್ಟ್ 10ರೊಳಗೆ ಒಂದು ಪೆಟ್ಟಿಗೆ ಹೋಗಬೇಕು. ನಿಮ್ಮ ಮನೆಯ ಹುಡುಗನಿಗೆ ಕಳಿಸುವುದು ಇದ್ದೇ ಇದೆ. ಈ ಪದ್ಧತಿ ಇನ್ನೊಬ್ಬರ ಮಗನಿಗಾಗಿ.

ವಿಳಾಸವನ್ನು ಆ ಮನೆಯವರಿಂದಲೇ ಬರೆಸಿಕೊಳ್ಳಿ. ಸೇನಾ ಸಂಖ್ಯೆ, ಹುದ್ದೆ, ಹೆಸರು, ಘಟಕ, ಆಮೇಲೆ 56 ಎಪಿಒ (ಸೇನಾ ಅಂಚೆ ಕಚೇರಿ) ಅಥವಾ 99 ಎಪಿಒ, 9ರಿಂದ ಶುರುವಾಗುವ ಪಿನ್‌ಕೋಡ್. ಇಷ್ಟೇ ಸಾಕು. ಅವರು ಇರುವ ಊರಿನ ಹೆಸರನ್ನು ಪೆಟ್ಟಿಗೆಯ ಮೇಲೂ ಬರೆಯಬಾರದು, ಒಳಗಿನ ಕಾಗದದಲ್ಲೂ ಬರೆಯಬಾರದು. ಘಟಕದ ಹೆಸರಲ್ಲಿ ಒಂದಕ್ಷರ ತಪ್ಪಿದರೂ ಪೆಟ್ಟಿಗೆ ಊರೂರು ಸುತ್ತಿ ಹಬ್ಬ ಕಳೆದ ಮೇಲೆ ವಾಪಸು ಬರುತ್ತದೆ.

ಕಾಫಿಪುಡಿ ಅರ್ಧ ಕಿಲೋ, ಒಣಗಿದ ಕರಿಮೆಣಸು 100 ಗ್ರಾಂ, ಏಲಕ್ಕಿ 25 ಗ್ರಾಂ, ಮಕ್ಕಳು ಕೈಯಲ್ಲಿ ಬರೆದ ಒಂದು ಪುಟ: ಪೆಟ್ಟಿಗೆಗೆ ಇಷ್ಟು ಸಾಕು. ಆಗಸ್ಟಿನ ಗಾಳಿಯಲ್ಲೇ ನೀರಿರುತ್ತದೆ. ಚಿಕೋರಿ ಬೆರೆತ ಪುಡಿಯನ್ನು ಬಿಚ್ಚಿ ಬೇರೆ ಕವರಿಗೆ ತುಂಬಿದರೆ ಎರಡೇ ದಿನಕ್ಕೆ ಕಲ್ಲಾಗುತ್ತದೆ, ಆದ್ದರಿಂದ ಅಂಗಡಿಯ ಸೀಲ್ ಒಡೆಯಬೇಡಿ. ಬಾಳೆಕಾಯಿ ಚಿಪ್ಸ್ ಬೇಡ, ತಲುಪುವ ಹೊತ್ತಿಗೆ ಎಣ್ಣೆ ಕಮಟಾಗಿರುತ್ತದೆ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ), ಜೇನು, ಉಪ್ಪಿನಕಾಯಿ ಯಾವುದೂ ಬೇಡ. ಅಂಚೆಯಲ್ಲಿ ದ್ರವ ಪದಾರ್ಥ ಸೋರಿದರೆ ಇನ್ನೊಬ್ಬರ ಪೆಟ್ಟಿಗೆಯೂ ಹಾಳು.

ಒಂದು ವಾರ ಮೊದಲು: ಉಡುಪು

ಕಾರ್ಯಪ್ಪನವರು ನಿವೃತ್ತಿಯ ನಂತರ ಮಡಿಕೇರಿಯ ರೋಶನಾರಾ ಮನೆಯಲ್ಲಿದ್ದಾಗಲೂ ಊಟದ ಮೇಜಿಗೆ ಸರಿಯಾದ ಉಡುಪಿಲ್ಲದೆ ಬರುತ್ತಿರಲಿಲ್ಲ. ಬಂದವರಿಂದಲೂ ಅದನ್ನೇ ನಿರೀಕ್ಷಿಸುತ್ತಿದ್ದರು. ಇದನ್ನು ಸೂಟು ಬೂಟು ಎಂದು ಅರ್ಥ ಮಾಡಿಕೊಳ್ಳಬೇಕಿಲ್ಲ. ಕುಪ್ಯಚೇಲೆ (ಕೊಡವ ಗಂಡಸರ ಉದ್ದ ನಿಲುವಂಗಿ, ರೇಷ್ಮೆಯ ನಡುಪಟ್ಟಿ) ಇದ್ದವರಿಗೆ ಕುಪ್ಯಚೇಲೆ, ಇಲ್ಲದವರಿಗೆ ಇಸ್ತ್ರಿ ಹಾಕಿದ ಅಂಗಿ. ಚಡ್ಡಿ, ಬನಿಯನ್ನು, ಮೊಬೈಲು ಈ ಮೂರೂ ಪಂಕ್ತಿಗೆ ಬರಬಾರದು.

ಕಷ್ಟ ಬೂಷ್ಟಿನದು. ಜೂನ್‌ನಿಂದ ಬೀರುವಿನಲ್ಲಿದ್ದ ಕಪ್ಪು ಕುಪ್ಯದ ಕಾಲರು ಕಂಕುಳಲ್ಲಿ ಬಿಳಿ ಪುಡಿ ಹತ್ತಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೂಷ್ಟು ನೂಲಿನೊಳಕ್ಕೆ ಇಳಿಯುತ್ತದೆ. ಮೊದಲು ಒಣ ಬ್ರಷ್ಷಿನಲ್ಲಿ, ಮನೆಯ ಹೊರಗೆ, ಉಜ್ಜಬೇಕು. ಬಿಸಿಲು ಬಂದರೆ ಎರಡು ತಾಸು ಹರವಿ. ಬರದಿದ್ದರೆ ಒಲೆಯ ಅಟ್ಟದ ಕೆಳಗೆ ಬೇಡ, ಹೊಗೆವಾಸನೆ ಹಬ್ಬ ಮುಗಿದರೂ ಹೋಗುವುದಿಲ್ಲ. ಫ್ಯಾನಿನಡಿ ಒಂದು ರಾತ್ರಿ ಸಾಕು. ರೇಷ್ಮೆಯ ಚೇಲೆಯನ್ನು ಮಡಿಕೆಯ ಗೆರೆಯ ಮೇಲೇ ಇಸ್ತ್ರಿ ಮಾಡುತ್ತಾ ಹೋದರೆ ಅಲ್ಲೇ ಹರಿಯುತ್ತದೆ, ಪ್ರತಿವರ್ಷ ಮಡಿಕೆ ಬದಲಿಸಿ.

ಪೀಚೆಕತ್ತಿಯ (ಸೊಂಟಕ್ಕೆ ಸಿಕ್ಕಿಸುವ ಚಿಕ್ಕ ಕತ್ತಿ) ಬೆಳ್ಳಿ ಸರಪಣಿಗೆ ಅಂಟುವಾಳದ ನೀರು, ಮೆತ್ತನೆ ಬ್ರಷ್ಷು. ಹಿಡಿ ದಂತದ್ದಾಗಿದ್ದರೆ ನೀರಿನಲ್ಲಿ ನೆನೆಹಾಕಬೇಡಿ, ಬಿರುಕು ಬಿಡುತ್ತದೆ.

ಎರಡು ದಿನ ಮೊದಲು: ಕೋವಿ

ಇಲ್ಲಿ ಆತುರ ಕೂಡದು. ಮೊದಲು ಕಾಗದ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ) ಜಮೀನಿನ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ, ಸದ್ಯಕ್ಕೆ 2029ರವರೆಗೆ. ಆದರೆ ವಿನಾಯಿತಿ ಎಂದರೆ ಕಾಗದವೇ ಬೇಡವೆಂದಲ್ಲ. ವಿನಾಯಿತಿ ಪತ್ರ ಯಾರ ಹೆಸರಿನಲ್ಲಿದೆ, ಯಾವ ಕೋವಿಗೆ ಎಂಬುದನ್ನು ಕೋವಿಯ ಮೇಲಿನ ಸಂಖ್ಯೆಯ ಜೊತೆ ಹೋಲಿಸಿ ನೋಡಿ. ಐನ್‌ಮನೆಗೆ (ಒಕ್ಕದ ಮೂಲಮನೆ) ಎಲ್ಲ ಕವಲಿನವರೂ ಕೋವಿ ತರುವ ಒಕ್ಕಗಳಲ್ಲಿ ಅವರವರ ಕೋವಿಯನ್ನು ಪತ್ರವಿದ್ದವರೇ ತರಬೇಕು, ಅಳಿಯನ ಜೀಪಿನ ಹಿಂದಿನ ಸೀಟಿನಲ್ಲಿ ಕಳಿಸುವಂತಿಲ್ಲ.

ಕೋವಿ ಖಾಲಿಯೇ ಎಂದು ನೋಡುವ ಕ್ರಮ ಕೋವಿಗೆ ತಕ್ಕಂತೆ ಬೇರೆ. ತೋಟಾ ಕೋವಿ ಸುಲಭ: ಮಡಿಚಿ ಬಿಚ್ಚಿ, ಹಿಂಬದಿಯಿಂದ ನಳಿಕೆಯೊಳಗೆ ಬೆಳಕು ನೋಡಿ. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಗೆ ಹಾಗೆ ನೋಡಲು ಬರುವುದಿಲ್ಲ, ಅದರ ಹಿಂಬದಿ ಮುಚ್ಚಿರುತ್ತದೆ. ಮೊದಲು ಕೇಪಿನ ಜಾಗ ಬರಿದೇ ಎಂದು ನೋಡಿಕೊಳ್ಳಿ. ಬಾಯಿಯನ್ನು ಯಾರ ಕಡೆಗೂ ತಿರುಗಿಸದೆ ಗಜವನ್ನು (ಮದ್ದು ಜಡಿಯುವ ಕೋಲು) ತಳ ಮುಟ್ಟುವ ತನಕ ಮೆಲ್ಲಗೆ ಇಳಿಸಿ, ನಳಿಕೆಯ ಬಾಯಿಗೆ ಸರಿಯಾಗಿ ಗಜದ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಗಜವನ್ನು ಹೊರತೆಗೆದು ನಳಿಕೆಯ ಹೊರಮೈಗೆ ಹಿಡಿದು ಅಳೆಯಿರಿ. ಗೆರೆ ಬಾಯಿಗೆ ಸರಿಯಿದ್ದಾಗ ಗಜದ ತುದಿ ಕೇಪಿನ ಮೊಳೆಯ ಹತ್ತಿರಕ್ಕೆ ಬರಬೇಕು. ಮೂರು ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಏನೋ ಇದೆ: ಹಳೇ ಮದ್ದು, ಚರೆ, ಇಲ್ಲವೇ ಕಣಜದ ಗೂಡು. ಹಂದಿ ಓಡಿಸಲೆಂದು ಅಜ್ಜನ ಕಾಲದಲ್ಲಿ ತುಂಬಿಟ್ಟ ಈಡು ದಶಕಗಟ್ಟಲೆ ಒಳಗೇ ಕೂತಿರಬಹುದು, ಕಪ್ಪುಮದ್ದು ಒಣಗಿದ್ದರೆ ಹಳತಾಯಿತೆಂದು ಸಾಯುವುದಿಲ್ಲ. ಅದನ್ನು ಕೆದಕಿ ತೆಗೆಯಲು ಹೋಗದೆ ಕೋವಿ ರಿಪೇರಿ ಬಲ್ಲವರಿಗೆ ಕೊಡಿ. ಆ ವರ್ಷ ಪೂಜೆಗೆ ಬರಿ ಕತ್ತಿಯಿಟ್ಟರೂ ಹಬ್ಬಕ್ಕೆ ಕುಂದಿಲ್ಲ.

ಒರೆಸಲು ತೆಂಗಿನೆಣ್ಣೆ ಬಳಸುವವರು ಬಹಳ. ಹೊಳಪು ಆ ದಿನ ಚೆನ್ನಾಗಿ ಬರುತ್ತದೆ. ಆದರೆ ಮಡಿಕೇರಿಯ ಡಿಸೆಂಬರ್ ಚಳಿಗೆ ಅದು ಹೆಪ್ಪುಗಟ್ಟಿ, ಧೂಳು ಹಿಡಿದು, ಕೋವಿಯ ಕುದುರೆಯ (ಟ್ರಿಗರ್) ಸಂದಿಯಲ್ಲಿ ಗೋಂದಿನಂತಾಗುತ್ತದೆ. ಕೋವಿ ಎಣ್ಣೆ, ಅದಿಲ್ಲದಿದ್ದರೆ ಹೊಲಿಗೆ ಯಂತ್ರದ ಎಣ್ಣೆ, ಇಡೀ ಕೋವಿಗೆ ಒಂದು ಚಮಚಕ್ಕಿಂತ ಹೆಚ್ಚು ಬೇಡ. ತುಕ್ಕಿದ್ದರೆ ಸೀಮೆಎಣ್ಣೆಯಲ್ಲಿ ಅದ್ದಿದ ಅತಿ ಸಣ್ಣ ಉಕ್ಕಿನ ನಾರಿನಿಂದ, ಒಂದೇ ದಿಕ್ಕಿಗೆ. ಮರಳುಕಾಗದ ಮುಟ್ಟಿಸಿದರೆ ನೀಲಿ ಬಣ್ಣ ಎದ್ದುಹೋಗಿ ಮುಂದಿನ ಮಳೆಗೆ ತುಕ್ಕು ಇಮ್ಮಡಿ. ಒಡಿಕತ್ತಿಗೂ (ಅಗಲ ಅಲಗಿನ ಬಾಗಿದ ಕತ್ತಿ) ಇದೇ ಉಪಚಾರ. ಅಲಗನ್ನು ಹಬ್ಬಕ್ಕೆಂದು ಮಸೆಯಬೇಡಿ, ಸಂದಣಿಯಲ್ಲಿ ಮಕ್ಕಳಿರುತ್ತಾರೆ.

ಗಂಧ ಕುಂಕುಮವನ್ನು ಮರದ ಹಿಡಿಯ ಮೇಲೆ ಮಾತ್ರ ಇಡಿ. ಗಂಧದಲ್ಲಿ ನೀರಿದೆ. ನಳಿಕೆಗೆ ಇಟ್ಟ ಬೊಟ್ಟು ಮರುದಿನ ಬೆಳಿಗ್ಗೆ ತುಕ್ಕಿನ ಬೊಟ್ಟಾಗಿರುತ್ತದೆ.

ತೋಕ್‌ಪೂವಿನ ವಿಷಯ ಬೇರೆಯಾಗಿ ಹೇಳಬೇಕು. ಕೆಂಪು ಹಳದಿ ಜ್ವಾಲೆಯಂಥ ಈ ಹೂವು, ಬೇರೆ ಕಡೆ ಗೌರಿ ಹೂವು, ಅಗ್ನಿಶಿಖೆ ಎನ್ನುವುದು ಇದಕ್ಕೇ, ಸರಿಯಾಗಿ ಇದೇ ಹೊತ್ತಿಗೆ ಬೇಲಿಸಾಲಿನಲ್ಲಿ ಅರಳುತ್ತದೆ. ಗಿಡದ ಪ್ರತಿ ಭಾಗವೂ ವಿಷ, ಗೆಡ್ಡೆಯಂತೂ ಕೊಲ್ಲುವಷ್ಟು. ಗೆಡ್ಡೆ ಕೀಳದೆ, ಒಂದು ಗೇಣು ತೊಟ್ಟಿನೊಂದಿಗೆ ಕತ್ತರಿಸಿ. ಕಿತ್ತವರು ಕೈ ತೊಳೆಯಲಿ, ಅಡುಗೆಮನೆಯ ಲೋಟದಲ್ಲಿ ಹೂವಿಡುವುದು ಬೇಡ. ಕೋವಿಯ ಬಾಯಿಗೆ ಹೂ ಸಿಕ್ಕಿಸುವುದು ರೂಢಿ. ಅದಕ್ಕಿಂತ ಬಾಯಿಯ ಹೊರಮೈಗೆ ಬಾಳೆನಾರಿನಲ್ಲಿ ಕಟ್ಟುವುದು ಮೇಲು. ಸಿಕ್ಕಿಸಿದ ತೊಟ್ಟು ಮುರಿದು ಒಳಗೆ ಬಿದ್ದು, ಅದು ಗೊತ್ತಾಗದೆ ಮಧ್ಯಾಹ್ನ ಯಾರಾದರೂ ಗುಂಡು ಹೊಡೆದರೆ ನಳಿಕೆ ಸೀಳುತ್ತದೆ. ಹೊಡೆದವನ ಎಡಗೈ ಇರುವುದು ಅಲ್ಲೇ.

ಕೋವಿಯಿಲ್ಲದ ಮನೆಯಲ್ಲಿ ಕತ್ತಿ, ಗುದ್ದಲಿ, ಕಾಫಿ ಕಸಿಯ ಚಾಕು, ಏನಿದೆಯೋ ಅದು. ಕಳೆ ಕತ್ತರಿಸುವ ಯಂತ್ರವನ್ನು ಇಡುವವರು ಪೆಟ್ರೋಲ್ ಪೂರ್ತಿ ಹೊರಗೆ ಬಸಿದು ಒಳಗೆ ತನ್ನಿ. ಅದರ ಮುಂದೆ ಉರಿಯುವುದು ಬತ್ತಿಯ ದೀಪ.

ಹಬ್ಬದ ದಿನ: ಗಂಟೆ

ಊಟ ಮಧ್ಯಾಹ್ನ 1ಕ್ಕೆ ಎಂದು ಹೇಳಿ, 1ಕ್ಕೇ ಬಡಿಸಿ. ಕಾರ್ಯಪ್ಪನವರ ಹೆಸರಿನಲ್ಲಿ ಏನೇ ಮಾಡಿದರೂ ಇದೊಂದು ತಪ್ಪಿದರೆ ಉಳಿದದ್ದೆಲ್ಲ ಅಲಂಕಾರ. ಕೊಡಗಿನ ಹಬ್ಬಗಳು ತಡವಾಗುವುದು ಯಾರದೋ ಸೋಮಾರಿತನದಿಂದ ಅನ್ನುವುದಕ್ಕಿಂತ, ಎರಡು ಕಾರಣಗಳಿಂದ: ಹಂದಿಮಾಂಸ ಬೆಳಿಗ್ಗೆ ಹತ್ತಕ್ಕೆ ತರುತ್ತಾರೆ, ಮತ್ತು ಗ್ಲಾಸುಗಳು ಊಟಕ್ಕೆ ಮೊದಲೇ ಹೊರಬರುತ್ತವೆ. ಮಾಂಸ ಹಿಂದಿನ ಸಂಜೆಯೇ ಬಂದು, ಉಪ್ಪು ಅರಿಶಿನ ಹಚ್ಚಿ ಫ್ರಿಡ್ಜಿನಲ್ಲಿರಲಿ. ಗ್ಲಾಸು ಮೀದಿ (ಗತಿಸಿದ ಹಿರಿಯರಿಗೆ ಎಡೆ) ಆದ ಮೇಲೆ.

7.30ಕ್ಕೆ ಮಸಾಲೆ ಹುರಿಯುವುದು, 9.30ಕ್ಕೆ ಮಾಂಸ ಒಲೆಗೆ, 10.30ಕ್ಕೆ ಕಡಂಬುಟ್ಟಿನ (ಅಕ್ಕಿತರಿಯ ಉಂಡೆ) ತರಿ ಬೇಯಿಸುವುದು, 11.15ಕ್ಕೆ ಪಂದಿಕರಿಗೆ (ಹಂದಿಮಾಂಸದ ಸಾರು) ಕಾಚಂಪುಳಿ, 11.45ಕ್ಕೆ ನೆಲ್ಲಕ್ಕಿ ನಡುಬಾಡೆಯಲ್ಲಿ (ಮನೆಯ ನಡುಕೋಣೆ) ಎಲ್ಲರೂ ಸೇರಿ ಪೂಜೆ, 12.15ಕ್ಕೆ ಉಂಡೆ ಹಬೆಗೆ, 12.45ಕ್ಕೆ ಎಲೆ ಹಾಕುವುದು. ಇದನ್ನು ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿ. ಮೈಸೂರಿನಿಂದ ಬರುವವರಿಗೆ 12 ಗಂಟೆ ಎಂದು ಸುಳ್ಳು ಹೇಳುವ ಜಾಣತನ ಬೇಡ. ಒಂದು ವರ್ಷ ಕೆಲಸ ಮಾಡುತ್ತದೆ, ಮರುವರ್ಷ ಅವರು ನಿಮ್ಮ ಲೆಕ್ಕ ಕಲಿತಿರುತ್ತಾರೆ. ತಡವಾಗಿ ಬಂದವರಿಗೆ ಗೊಣಗದೆ ಎರಡನೇ ಪಂಕ್ತಿ.

ಪೂಜೆಗೆ ದೊಡ್ಡ ವಿಧಿಯಿಲ್ಲ. ತೂಕ್‌ಬೊಳಕ್ (ತೂಗುದೀಪ) ಹೊತ್ತಿಸಿ, ಚಾಪೆಯ ಮೇಲೆ ಕೋವಿಗಳನ್ನು ಒಂದೇ ದಿಕ್ಕಿಗೆ, ಗೋಡೆಯ ಕಡೆ ಬಾಯಿ ಮಾಡಿ ಮಲಗಿಸಿ. ಗೋಡೆಗೆ ಒರಗಿಸಿ ನಿಲ್ಲಿಸಿದ ಕೋವಿ ನಮಸ್ಕಾರಕ್ಕೆ ಬಗ್ಗುವ ಮಗುವಿನ ಮೇಲೆ ಬೀಳುತ್ತದೆ. ಬಾಳೆಎಲೆಯ ಮೇಲೆ ಕಡಂಬುಟ್ಟು, ಪಂದಿಕರಿ, ಮನೆಯ ರೂಢಿಯಂತೆ ಮದ್ಯವಿಟ್ಟು ಗುರುಕಾರೋಣರಿಗೆ (ಕುಲದ ಹಿರಿಯರಿಗೆ) ಮೀದಿ. ಪೂಜೆ 11.45ಕ್ಕೆ, ಉಂಡೆ ಹಬೆಗೆ 12.15ಕ್ಕೆ ಎಂದರೆ ಮೀದಿಗೆ ಉಂಡೆ ಎಲ್ಲಿಂದ? ಐದಾರು ಉಂಡೆಯನ್ನು 11.15ಕ್ಕೇ ಪ್ರತ್ಯೇಕ ಬೇಯಿಸಿಡಿ. ಎಲ್ಲ ಉಂಡೆಯನ್ನೂ ಆಗಲೇ ಬೇಯಿಸಿದರೆ ಊಟದ ಹೊತ್ತಿಗೆ ಮೇಲ್ಮೈ ಒಣಗಿ ಗಟ್ಟಿಯಾಗುತ್ತದೆ. ಬಳಿಕ ಹಿರಿಯರು ಕೋವಿಯನ್ನು ಕಿರಿಯರ ಕೈಗೆ ಕೊಟ್ಟು, ಕಿರಿಯರು ಕಾಲು ಹಿಡಿಯುವುದು.

ಅಡುಗೆ, 10 ಜನಕ್ಕೆ

ಪಂದಿಕರಿಗೆ ಸಾಕಿದ ಹಂದಿಯ ಮಾಂಸ 2.5 ಕಿಲೋ, ತೊಗಲು ಕೊಬ್ಬಿನ ಸಮೇತ, ಒಂದು ಅಂಗುಲದ ತುಂಡು. ಕಾಡುಹಂದಿ ಬೇಟೆಯ ಕಥೆ ಕಥೆಯಾಗಿಯೇ ಇರಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಬ್ಬಕ್ಕೆ ರಜೆ ಕೊಟ್ಟಿಲ್ಲ. ಬರಿ ಕೆಂಪು ಮಾಂಸ ಕೇಳಿ ತಂದರೆ ನಾರುನಾರಾಗುತ್ತದೆ. ಮೂರರಲ್ಲಿ ಒಂದು ಪಾಲು ಕೊಬ್ಬಿರಬೇಕು, ಒಗ್ಗರಣೆ ಎಣ್ಣೆಯ ಕೆಲಸವನ್ನೂ ಅದೇ ಮಾಡುತ್ತದೆ.

ಹಿಂದಿನ ಸಂಜೆ ಉಪ್ಪು 35 ಗ್ರಾಂ, ಅರಿಶಿನ 2 ಚಮಚ, ಖಾರದಪುಡಿ 3 ದೊಡ್ಡ ಚಮಚ ಹಚ್ಚಿಡಿ. ಬೆಳಿಗ್ಗೆ ಈರುಳ್ಳಿ ಅರ್ಧ ಕಿಲೋ, ಬೆಳ್ಳುಳ್ಳಿ 100 ಗ್ರಾಂ, ಶುಂಠಿ 60 ಗ್ರಾಂ, ಹಸಿಮೆಣಸು 10, ಒಂದು ಹಿಡಿ ಕರಿಬೇವನ್ನು ತರಿತರಿಯಾಗಿ ಜಜ್ಜಿಕೊಳ್ಳಿ. ದಪ್ಪ ತಳದ ಪಾತ್ರೆಗೆ ಮಾಂಸ, ಈ ಜಜ್ಜು, ಎರಡು ಲೋಟ ನೀರು. ಮುಚ್ಚಿ, ಸಣ್ಣ ಉರಿಯಲ್ಲಿ ಒಂದೂಕಾಲು ತಾಸು. ಕುಕ್ಕರಿನಲ್ಲಿ ಬೇಗ ಬೇಯುತ್ತದೆ, ನಿಜ, ಆದರೆ ಕೊಬ್ಬು ಕರಗಿ ಮೇಲೆ ತೇಲಿ ತೊಗಲು ಜಾರುಜಾರಾಗುತ್ತದೆ. ತುಂಡನ್ನು ಮುರಿದಾಗ ನಡುವೆ ಗುಲಾಬಿ ಬಣ್ಣ ಒಂದಿಷ್ಟೂ ಉಳಿದಿರಬಾರದು. ಹಂದಿಯ ವಿಷಯದಲ್ಲಿ ಅರೆಬೆಂದದ್ದು ಎಂದರೆ ಲಾಡಿಹುಳುವಿಗೆ ಬಾಗಿಲು ತೆರೆದಂತೆ.

ಮಸಾಲೆ: ಕೊತ್ತಂಬರಿ ಬೀಜ 50 ಗ್ರಾಂ, ಕರಿಮೆಣಸು 40 ಗ್ರಾಂ, ಜೀರಿಗೆ 15 ಗ್ರಾಂ, ಸಾಸಿವೆ 10 ಗ್ರಾಂ, ಮೆಂತ್ಯ ಅರ್ಧ ಚಮಚ. ಎಲ್ಲವನ್ನೂ ಬೇರೆಬೇರೆ ಹುರಿಯಬೇಕು. ಕೊತ್ತಂಬರಿ ಹುರಿದ ಕಾಫಿಬೀಜದ ಬಣ್ಣಕ್ಕೆ ಬರಬೇಕು, ಅಷ್ಟರಲ್ಲಿ ಅದರ ಜೊತೆಗಿದ್ದ ಮೆಂತ್ಯ ಸುಟ್ಟು ಇಡೀ ಪಾತ್ರೆ ಕಹಿಯಾಗುತ್ತದೆ. ಒಟ್ಟಿಗೆ ಹಾಕುವವರ ಪಂದಿಕರಿ ಕಪ್ಪಾಗಿದ್ದರೂ ರುಚಿಸದಿರುವುದು ಇದರಿಂದಲೇ. ಮಾಂಸ ಮುಕ್ಕಾಲು ಬೆಂದಾಗ ಪುಡಿ ಹಾಕಿ.

ಕಾಚಂಪುಳಿ ಕೊನೆಗೆ, ಮಾಂಸ ಪೂರ್ತಿ ಮೆತ್ತಗಾದ ಮೇಲೆ.  ಎರಡು ದೊಡ್ಡ ಚಮಚ ಹಾಕಿ, ಹತ್ತು ನಿಮಿಷ ಕುದಿಸಿ, ರುಚಿ ನೋಡಿ, ಬೇಕಿದ್ದರೆ ಇನ್ನೊಂದು. ಮನೆಮನೆಯ ಕಾಚಂಪುಳಿಯ ಗಟ್ಟಿತನ ಬೇರೆ, ಆದ್ದರಿಂದ ಚಮಚದ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬೇಡಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಈ ಹುಳಿ ಲೋಹವನ್ನು ಕರಗಿಸುತ್ತದೆ. ಸ್ಟೀಲು, ಇಲ್ಲವೇ ಮಣ್ಣಿನ ಪಾತ್ರೆ. ಒಲೆಯಿಂದ ಇಳಿಸಿ ಒಂದು ತಾಸು ಬಿಟ್ಟರೆ ರುಚಿ ಕೂಡಿಕೊಳ್ಳುತ್ತದೆ, ವೇಳಾಪಟ್ಟಿಯಲ್ಲಿ ಆ ಒಂದು ತಾಸು ಬಿಟ್ಟಿರುವುದು ಇದಕ್ಕೆ.

ಕಡಂಬುಟ್ಟಿಗೆ ಅಕ್ಕಿತರಿ ಅರ್ಧ ಕಿಲೋ, ನೀರು ಒಂದೂವರೆ ಲೀಟರಿಗೆ ತುಸು ಕಡಿಮೆ, ಉಪ್ಪು 2 ಚಮಚ, ತುಪ್ಪ ಒಂದು ದೊಡ್ಡ ಚಮಚ. ಕುದಿಯುವ ನೀರಿಗೆ ತರಿಯನ್ನು ಧಾರೆಯಾಗಿ ಬಿಡುತ್ತಾ ಇನ್ನೊಂದು ಕೈಯಲ್ಲಿ ತಿರುವಿ. ನೀರು ಹೀರಿದ ಮೇಲೆ ಮುಚ್ಚಿ, ಅತಿ ಸಣ್ಣ ಉರಿಯಲ್ಲಿ ಎಂಟು ನಿಮಿಷ. ಕೈ ತಾಳುವಷ್ಟು ಬಿಸಿಯಿರುವಾಗಲೇ ನಾದಬೇಕು. ಆರಿದ ಮೇಲೆ ನಾದಿದರೆ ಉಂಡೆ ಹಬೆಯಲ್ಲಿ ಬಿರಿಯುತ್ತದೆ. ಸಣ್ಣ ನಿಂಬೆಯ ಗಾತ್ರದಲ್ಲಿ ಕಟ್ಟಿದರೆ 40ರ ಹತ್ತಿರ ಬರುತ್ತವೆ, ತಲೆಗೆ ನಾಲ್ಕು. ಒದ್ದೆ ಬಟ್ಟೆಯ ಮೇಲೆ ಒಂದಕ್ಕೊಂದು ತಾಗದಂತಿಟ್ಟು 25 ನಿಮಿಷ ಹಬೆ. ಹಬೆ ಪಾತ್ರೆಯ ಮುಚ್ಚಳಕ್ಕೆ ಬಟ್ಟೆ ಕಟ್ಟದಿದ್ದರೆ ತೊಟ್ಟಿಕ್ಕುವ ನೀರಿಗೆ ಮೇಲಿನ ಸಾಲು ಕರಗಿಹೋಗುತ್ತದೆ. ತರಿ ತೀರಾ ನುಣ್ಣಗಿದ್ದರೆ ಅಂಟಾಗುತ್ತದೆ. ಮಿಲ್ಲಿನಲ್ಲಿ ರವೆಗಿಂತ ದಪ್ಪ ಎಂದು ಹೇಳಿ ಒಡೆಸಿ.

ಹಂದಿ ತಿನ್ನದವರು ಪಂಕ್ತಿಯಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಬೈಂಬಳೆ (ಕಳಲೆ, ಎಂದರೆ ಎಳೆ ಬಿದಿರು) ಕರಿ. ಹಸಿ ಕಳಲೆಯಾದರೆ ತೆಳ್ಳಗೆ ಹೆಚ್ಚಿ ಎರಡು ರಾತ್ರಿ ನೀರಿನಲ್ಲಿಟ್ಟು, ಬೆಳಿಗ್ಗೆ ಸಂಜೆ ನೀರು ಬದಲಿಸಿ, ಆಮೇಲೆ 20 ನಿಮಿಷ ಕುದಿಸಿ ಆ ನೀರನ್ನೂ ಚೆಲ್ಲಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಕಹಿ ಉಳಿದಿದ್ದರೆ ವಿಷವೂ ಉಳಿದಿದೆ ಎಂದೇ ತಿಳಿಯಿರಿ. ಉಪ್ಪುನೀರಿನಲ್ಲಿಟ್ಟ ಕಳಲೆಯಾದರೆ ಮೊದಲು ಉಪ್ಪು ತೊಳೆಯಿರಿ. ಬೈಂಬಳೆಯ ಸೌಟಿಗೆ ಕೆಂಪು ದಾರ ಕಟ್ಟಿ, ಬಡಿಸುವ ಹುಡುಗರು ಅವಸರದಲ್ಲಿ ಅದೇ ಸೌಟನ್ನು ಪಂದಿಕರಿಗೆ ಅದ್ದುವುದು ತಪ್ಪಿದ್ದಲ್ಲ.

ಪಂಕ್ತಿ

1965ರ ಯುದ್ಧದ ಕೊನೆಯಲ್ಲಿ, ಸೆಪ್ಟೆಂಬರ್ 22ರಂದು, ಕಾರ್ಯಪ್ಪನವರ ಮಗ ನಂದಾ ಹಾರಿಸುತ್ತಿದ್ದ ಹಂಟರ್ ವಿಮಾನ ಉರುಳಿ ಅವರು ಪಾಕಿಸ್ತಾನದಲ್ಲಿ ಸೆರೆಯಾದರು. ಆಗಿನ ಅಧ್ಯಕ್ಷ ಅಯೂಬ್ ಖಾನ್ ದೇಶ ಒಡೆಯುವ ಮೊದಲು ಕಾರ್ಯಪ್ಪನವರ ಜೊತೆ ಸೇನೆಯಲ್ಲಿದ್ದವರು. ಮಗನನ್ನು ಬಿಡುವ ಮಾತು ಅಲ್ಲಿಂದ ಬಂದಾಗ ಈ ತಂದೆ ಒಪ್ಪಲಿಲ್ಲ. ಸೆರೆಯಲ್ಲಿರುವ ಎಲ್ಲರೂ ತನ್ನ ಮಕ್ಕಳೇ, ಇವನಿಗೆ ಬೇರೆ ಉಪಚಾರ ಬೇಡ ಎಂಬುದು ಅವರ ಉತ್ತರದ ತಿರುಳು. ಮಗ ಉಳಿದವರಂತೆಯೇ ತಿಂಗಳುಗಟ್ಟಲೆ ಸೆರೆಯಲ್ಲಿದ್ದು ಬಂದರು, ಮುಂದೆ ಏರ್ ಮಾರ್ಷಲ್ ಆದರು. ನಂದಾ ಅವರ ತಾಯಿ 1948ರಲ್ಲೇ ಅಪಘಾತದಲ್ಲಿ ತೀರಿಕೊಂಡಿದ್ದರು ಎಂಬುದನ್ನು ನೆನೆದರೆ ಆ ಉತ್ತರದ ಬೆಲೆ ಇನ್ನಷ್ಟು ತಿಳಿಯುತ್ತದೆ.

ಈ ಕಥೆಯನ್ನು ಎಲೆಯ ಮುಂದೆ ಹೇಳಿ ಮುಗಿಸುವುದು ಸುಲಭ. ಎಲೆಯ ಮೇಲೆ ಕಾಣಿಸುವಂತೆ ಮಾಡುವುದು ಹೀಗೆ: ತೋಟದ ಲೈನ್‌ಮನೆಯವರು, ಡ್ರೈವರು, ಹಸು ನೋಡಿಕೊಳ್ಳುವವರು ಅದೇ ಪಂಕ್ತಿಯಲ್ಲಿ, ಅದೇ ಪಾತ್ರೆಯಿಂದ. ಹಿಂದಿನ ಬಾಗಿಲಲ್ಲಿ ಡಬ್ಬಿಗೆ ತುಂಬಿಕೊಡುವ ರೂಢಿ ಆ ದಿನ ನಿಲ್ಲಬೇಕು. ಜಾಗ ಸಾಲದಿದ್ದರೆ ಎರಡು ಪಂಕ್ತಿ ಮಾಡಿ, ಆದರೆ ಮನೆಯವರದೊಂದು ಕೆಲಸದವರದೊಂದು ಎಂದು ವಿಂಗಡಿಸದೆ ಎರಡನ್ನೂ ಬೆರೆಸಿ. ಮೊದಲ ಪಂಕ್ತಿಗೆ ಬಡಿಸುವವರು ಮನೆಯ ಯಜಮಾನ, ಯಜಮಾನಿ. ಅವರು ಕೂರುವುದು ಎರಡನೆಯದರಲ್ಲಿ. ಯಜಮಾನರ ಮಗನಿಗೆ ಬೇರೆ ತಟ್ಟೆ, ಬೇರೆ ತುಂಡು ಆರಿಸಿ ಹಾಕುವ ಅಜ್ಜಿಯಂದಿರಿಗೆ ಮೊದಲೇ ಹೇಳಿಡಿ. ತಕರಾರು ಬರುವುದು ಅಲ್ಲಿಂದಲೇ.

ಮಾಂಸ ಸಾಲದೇ ಹೋಗುವುದು ಇಲ್ಲಿನ ನಿಜವಾದ ಅಪಾಯ. ಎರಡನೇ ಪಂಕ್ತಿಗೆ ಬರಿ ಗೊಜ್ಜು ಉಳಿದರೆ ಸಮಪಂಕ್ತಿಯ ಮಾತಿಗೆ ಅರ್ಥವಿಲ್ಲ. ಬಡಿಸಲು ಶುರುಮಾಡುವ ಮೊದಲೇ ಪಾತ್ರೆಯನ್ನು ಎರಡು ಪಾಲು ಮಾಡಿ ಒಂದನ್ನು ಮುಚ್ಚಿಡಿ.

ಗಡಿಯಲ್ಲಿರುವವರಿಗಾಗಿ ಒಂದು ಖಾಲಿ ಎಲೆ ಹಾಕೋಣವೇ ಎಂದು ಕೇಳುವವರಿದ್ದಾರೆ. ಬೇಡ. ನಮ್ಮಲ್ಲಿ ತಿನ್ನುವವರಿಲ್ಲದ ಎಲೆ ಎಂದರೆ ಮೀದಿಯ ಎಲೆ, ಅದು ಗತಿಸಿದವರದು. ಬದುಕಿ ಕಾವಲು ನಿಂತವರಿಗೆ ಅದನ್ನು ಹಾಕಿದರೆ ತಾಯಂದಿರು ಎದ್ದುಹೋಗುತ್ತಾರೆ. ಆ ಎಲೆಯಲ್ಲಿ ಒಬ್ಬರನ್ನು ಕೂರಿಸಿ: ಊರಿನ ನಿವೃತ್ತ ಸೈನಿಕ, ಅಥವಾ ಮಗ ದೂರದಲ್ಲಿರುವ ತಾಯಿ. ಅವರನ್ನು ಮಾತನಾಡಲು ಒತ್ತಾಯಿಸಬೇಡಿ, ಊಟಕ್ಕೆ ಕರೆದದ್ದು ಊಟಕ್ಕೇ.

ಮಕ್ಕಳಿಗೆ ಹೇಳುವಾಗ ಎರಡು ತಪ್ಪು ಪ್ರತಿವರ್ಷ ಬರುತ್ತವೆ. ಕಾರ್ಯಪ್ಪನವರು ಭಾರತದ ಮೊದಲ ಫೀಲ್ಡ್ ಮಾರ್ಷಲ್ ಅಲ್ಲ. ಆ ಪದವಿ 1973ರಲ್ಲಿ ಮೊದಲು ಬಂದದ್ದು ಮಾಣೆಕ್ ಷಾ ಅವರಿಗೆ, ಕಾರ್ಯಪ್ಪನವರಿಗೆ 1986ರಲ್ಲಿ. ಅವರು ಮೊದಲಿಗರಾದದ್ದು ಸೇನೆಯ ಭಾರತೀಯ ಮಹಾದಂಡನಾಯಕರಾಗಿ, 1949ರ ಜನವರಿ 15ರಂದು. ಸೇನಾ ದಿನ ಬಂದದ್ದು ಅಲ್ಲಿಂದ. ಎರಡನೆಯದು, ಜನರಲ್ ತಿಮ್ಮಯ್ಯನವರನ್ನೂ ಇವರನ್ನೂ ಕಲಸುವುದು. ಇಬ್ಬರೂ ಕೊಡಂದೇರ ಒಕ್ಕದವರು, ಗೊಂದಲ ಸಹಜ. ಮ್ಯೂಸಿಯಂ ಆಗಿರುವ ಮಡಿಕೇರಿಯ ಸನ್ನಿಸೈಡ್ ತಿಮ್ಮಯ್ಯನವರ ಮನೆ. ರೋಶನಾರಾ ಮ್ಯೂಸಿಯಂ ಅಲ್ಲ, ಹಬ್ಬದ ಮರುದಿನ ಮಕ್ಕಳನ್ನು ಕರೆದುಕೊಂಡು ಅಲ್ಲಿ ಗೇಟು ತಟ್ಟಬೇಡಿ.

ಮಧ್ಯಾಹ್ನದ ಗುಂಡು

ತೆಂಗಿನಕಾಯಿಗೆ ಗುರಿಯಿಡುವುದು ಹಬ್ಬದ ಜೀವ. ಅದನ್ನು ಕೊಡವ ಸಮಾಜದವರೋ ಊರಿನ ಸಂಘದವರೋ ನಡೆಸುವ ಸ್ಪರ್ಧೆಯಲ್ಲೇ ಹೊಡೆಯಿರಿ. ಮನೆಯ ಅಂಗಳದಲ್ಲಿ ಮರದ ತುದಿಗೆ ಕಟ್ಟಿದ ಕಾಯಿಯ ಹಿಂದೆ ಮಣ್ಣದಿಬ್ಬ ಇರುವುದಿಲ್ಲ. ತಪ್ಪಿದ .22 ಗುಂಡು ಒಂದೂವರೆ ಕಿಲೋಮೀಟರಿಗೂ ಆಚೆ ಹೋಗಬಲ್ಲದು, ಆ ದೂರದಲ್ಲಿ ಯಾರದೋ ತೋಟದ ಲೈನ್‌ಮನೆ ಇರುತ್ತದೆ. ಕುಡಿದವರು ಕೋವಿ ಮುಟ್ಟುವಂತಿಲ್ಲ, ಒಂದು ಪೆಗ್ ಆದರೂ. ಹೊಡೆಯಲಿಕ್ಕಿರುವವರು ಮೊದಲು ಹೊಡೆದು ಬಂದು ಆಮೇಲೆ ಗ್ಲಾಸು ಹಿಡಿಯಲಿ.

ಸಂಜೆ ಕೋವಿ ಎತ್ತಿಡುವ ಮೊದಲು ಹೂ, ಕುಂಕುಮ, ಬೆರಳಿನ ಗುರುತು ಎಲ್ಲ ಒರೆಸಿ. ಬೆವರಿನ ಉಪ್ಪು ಗಂಧಕ್ಕಿಂತ ಬೇಗ ತುಕ್ಕು ಹಿಡಿಸುತ್ತದೆ. ಗುಂಡು ಹೊಡೆದ ಕೇಪಿನ ಕೋವಿಯಾದರೆ ಅದೇ ರಾತ್ರಿ ಬಿಸಿನೀರಿನಲ್ಲಿ ನಳಿಕೆ ತೊಳೆದು, ಪೂರ್ತಿ ಒಣಗಿಸಿ, ಎಣ್ಣೆ ಬಟ್ಟೆ ಎಳೆಯಬೇಕು. ಕಪ್ಪುಮದ್ದಿನ ಮಸಿ ತೇವ ಹೀರಿ ಬೆಳಗಾಗುವುದರೊಳಗೆ ಕಬ್ಬಿಣ ತಿನ್ನಲು ಶುರುಮಾಡುತ್ತದೆ. ಬಟ್ಟೆಯ ಚೀಲದಲ್ಲಿಟ್ಟು ಬೀಗ ಹಾಕಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೇ ಬೆವರುತ್ತದೆ. ತೋಟಾ, ಮದ್ದು ಬೇರೆ ಕಪಾಟಿಗೆ, ಬೇರೆ ಬೀಗದ ಕೈ.

ಉಳಿದ ಪಂದಿಕರಿಯನ್ನು ಪಾತ್ರೆ ಸಮೇತ ಹೊರಗೆ ಬಿಡದೆ, ಆರಿದ ಕೂಡಲೇ ಸಣ್ಣ ಡಬ್ಬಿಗಳಿಗೆ ಹಾಕಿ ಫ್ರಿಡ್ಜಿಗೆ. ಮೂರು ದಿನ ತಡೆಯುತ್ತದೆ, ಎರಡನೇ ದಿನ ಅಕ್ಕಿ ಒಟ್ಟಿಯ (ಅಕ್ಕಿ ರೊಟ್ಟಿ) ಜೊತೆ ಮೊದಲ ದಿನಕ್ಕಿಂತ ಮೇಲು. ಬಿಸಿ ಮಾಡುವಾಗ ಅಂದಿಗೆ ಬೇಕಾದಷ್ಟನ್ನೇ ತೆಗೆದು, ಕುದಿ ಬರುವ ತನಕ ಕಾಯಿಸಿ.